ರಜೆಯ ದಿನ ಮಾತ್ರ ಬರುವ ನೀರು

ಗಂಗಾವತಿಯ ಆ ಓಣಿಯಲ್ಲಿ ನಳ ಬಂದ್ ಆದರೆ ಬೈಗುಳ ತಿನ್ನುವವಳು ತಸ್ಲೀಮಾ. ಅವಳು ಕೊಪ್ಪಳದ ನೀರಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ ಎಂಬುದಷ್ಟೇ ಜನರಿಗೆ ಗೊತ್ತು. ಆ ಆಫೀಸು ನೋಡಿಕೊಳ್ಳುವುದು ಹಳ್ಳಿಗಳ ನೀರನ್ನು, ಪಟ್ಟಣದ ನಳಕ್ಕೂ ತನಗೂ ಸಂಬಂಧವೇ ಇಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಪಕ್ಕದ ಮನೆಯ ನೂರಜಾನಬಿಯಂತೂ ಖಾಲಿ ಕೊಡ ಹಿಡಿದು ಬಾಗಿಲಿಗೇ ಬಂದು ನಿಲ್ಲುತ್ತಾಳೆ. ತಾಯಿ ಹಜರತಬೀ ಒಳಗಿನಿಂದ, ಹೋಗಲಿ, ನಮ್ಮದರಲ್ಲೇ ಒಂದು ಕೊಡ ಕೊಟ್ಟುಬಿಡು ಎನ್ನುತ್ತಾಳೆ. ತಸ್ಲೀಮಾ ಕೊಟ್ಟು, ಹಲ್ಲು ಕಚ್ಚಿಕೊಂಡು ಬಸ್ಸು ಹಿಡಿಯುತ್ತಾಳೆ.

ತಂದೆ ಮಕ್ಬುಲಸಾಬ ಗ್ಯಾಸ್ ಒಲೆ ರಿಪೇರಿ ಮಾಡುವವನು. ಬರ್ನರ್ ಬಿಚ್ಚಿ ಮಸಿ ಊದಿ ಹಚ್ಚಿದರೆ ನೀಲಿ ಉರಿ ಬರುತ್ತದೆ, ಕೆಲಸ ಮುಗಿಯಿತು. ಮಗಳು ಕಂಪ್ಯೂಟರ್ ಡಿಪ್ಲೊಮಾ ಮಾಡಿ ಗುತ್ತಿಗೆ ನೌಕರಿ ಹಿಡಿದಾಗ, ನೀನು ರಿಪೇರಿ ಮಾಡುವ ವಸ್ತು ಯಾವುದು, ಒಮ್ಮೆ ತೋರಿಸು ಎಂದು ಆಸೆಯಿಂದ ಕೇಳಿದ್ದ. ತೋರಿಸಲು ಏನೂ ಇಲ್ಲ ಎಂದಾಗ ಅವನಿಗೆ ಬೇಜಾರಾಯಿತು. ಆ ಬೇಜಾರು ಎಷ್ಟು ಸರಿಯಾದದ್ದು ಎಂದು ತಸ್ಲೀಮಾಳಿಗೆ ತಿಳಿದದ್ದು ಗಿಡ್ಡಪ್ಪನ ಪ್ರಕರಣದಲ್ಲಿ.

ಅವಳ ಕೆಲಸ ಹೀಗೆ. ದೊಡ್ಡ ಪೈಪಿನಲ್ಲಿ ಊರೂರಿಗೆ ನೀರು ಹೋಗುತ್ತದೆ. ಊರಿನ ನೀರಗಂಟಿ ವಾಲ್ವ್ ತಿರುಗಿಸಿ ಓಣಿಗಳಿಗೆ ಬಿಡುತ್ತಾನೆ. ಆ ವಾಲ್ವಿಗೆ ಸಿಮ್ ಇರುವ ಒಂದು ಡಬ್ಬಿ ಹಚ್ಚಿದ್ದಾರೆ. ವಾಲ್ವ್ ತೆರೆದರೆ ‘ತೆರೆಯಿತು’ ಎಂದೂ ಮುಚ್ಚಿದರೆ ‘ಮುಚ್ಚಿತು’ ಎಂದೂ ಅದು ಆಫೀಸಿಗೆ ಮೆಸೇಜು ಕಳಿಸುತ್ತದೆ. ಬಂದ ಮೆಸೇಜುಗಳು ಸರ್ವರಿನಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಕಂಪ್ಯೂಟರಿನವರು ಅದಕ್ಕೆ ಕ್ಯೂ ಎನ್ನುತ್ತಾರೆ, ಈ ಕಡೆಯ ಜನ ಪಾಳಿ ಎನ್ನುತ್ತಾರೆ. ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಎರಡೂ ಒಂದೇ. ಒಂದು ಪ್ರೋಗ್ರಾಮು ಪಾಳಿಯ ಮುಂದಿನ ಮೆಸೇಜನ್ನು ಎತ್ತಿ ಓದಿ ಲಾಗು ಎಂಬ ದಾಖಲೆಯಲ್ಲಿ ಬರೆಯುತ್ತದೆ. ಎತ್ತಿದ ಮೆಸೇಜು ಮತ್ತೆ ಪಾಳಿಯಲ್ಲಿ ಇರುವುದಿಲ್ಲ. ಲಾಗಿನಿಂದ ದಿನದ ರಿಪೋರ್ಟು ಹುಟ್ಟುತ್ತದೆ. ಈ ಓದುವ ಪ್ರೋಗ್ರಾಮು ನಿಲ್ಲದಂತೆ ಕಾಯುವುದೇ ತಸ್ಲೀಮಾಳ ನೌಕರಿ.

ಆಫೀಸಿನ ಮೇಲ್ವಿಚಾರಕರು ಗೋವಿಂದರಾಜರು. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವರಿಗಿದ್ದ ಚಟ ಒಂದೇ, ಮೇಲಿನವರು ಬಂದಾಗ ತೋರಿಸಲು ಏನಾದರೂ ಬೇಕು. ಅದಕ್ಕಾಗಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಒಂದು ದೊಡ್ಡ ಟೀವಿ ಹಾಕಿಸಿದ್ದರು. ಯಾವ ಊರಿನಿಂದ ಮೆಸೇಜು ಬಂದರೂ ಆ ಊರಿನ ಹೆಸರು ಅದರಲ್ಲಿ ಹಸಿರಾಗಿ ಮಿನುಗುತ್ತದೆ. ಆಫೀಸಿನ ಬಾಗಿಲು ತೆರೆದಾಗ ಜವಾನ ಅದನ್ನು ಹಚ್ಚುತ್ತಾನೆ, ಬಾಗಿಲು ಹಾಕುವಾಗ ಆರಿಸುತ್ತಾನೆ. ಬಂದವರು ಅದರ ಮುಂದೆ ಫೋಟೊ ತೆಗೆಸಿಕೊಂಡು, ಭೇಷ್ ಎಂದು ಹೋಗುತ್ತಾರೆ.

ನೀರಗಂಟಿ ಗಿಡ್ಡಪ್ಪನ ಊರು ಅಳವಂಡಿಯಿಂದಾಚೆ, ಪೈಪು ಮುಗಿಯುವ ಜಾಗದಲ್ಲಿದೆ. ಬೇರೆ ಊರುಗಳಲ್ಲಿ ನಸುಕಿನಲ್ಲೇ ನೀರು ಬಿಟ್ಟು ಮುಗಿಸುತ್ತಾರೆ. ಇವನ ಊರಿಗೆ ನೀರು ಮುಟ್ಟುವುದು ಮೊದಲಿನ ಊರುಗಳೆಲ್ಲ ತುಂಬಿಕೊಂಡ ಮೇಲೆ, ಬಿಸಿಲೇರಿದಾಗ. ರಿಪೋರ್ಟಿನಲ್ಲಿ ಆ ಊರಿನ ಮುಂದೆ ಕೆಂಪು ಗೆರೆ ಬರತೊಡಗಿತು. ‘ತೆರೆಯಿತು’, ‘ಮುಚ್ಚಿತು’ ಎರಡರಲ್ಲಿ ಒಂದಿಲ್ಲದಿದ್ದರೂ ರಿಪೋರ್ಟು ‘ನೀರು ಬಿಟ್ಟಿಲ್ಲ’ ಎಂದೇ ಬರೆಯುತ್ತದೆ. ಕೆಂಪು ಹೆಚ್ಚಾದಂತೆ ಗಿಡ್ಡಪ್ಪನಿಗೆ ನೋಟೀಸು ಹೋಯಿತು. ಪಂಚಾಯಿತಿಯವರು ಅದನ್ನು ಗೋಡೆಗೇ ಅಂಟಿಸಿದರು. ಹೀಗೇ ಆದರೆ ಬೇರೆಯವನನ್ನು ನೇಮಿಸಲಾಗುವುದು ಎಂದು ಕೊನೆಯ ಸಾಲಿನಲ್ಲಿತ್ತು.

ಮರುದಿನ ಗಿಡ್ಡಪ್ಪ ಆಫೀಸಿಗೆ ಬಂದ. ಐವತ್ತು ದಾಟಿದ ಮನುಷ್ಯ, ಬೋರಿನ ಕಾಲದಿಂದ ಆ ಊರಿಗೆ ನೀರು ಬಿಟ್ಟವನು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದುದರಿಂದ ತಸ್ಲೀಮಾಳ ಮೇಜಿನ ಮುಂದೆಯೇ ನಿಂತು ಹೇಳಿದ.

“ಮೇಡಂರ, ನಾ ನೀರು ಬಿಡದಿದ್ರ ಹೆಣ್ಣಮಕ್ಕಳು ನನ್ನ ಊರಾಗ ಇರಗೊಡತಾರೇನ್ರಿ? ಒಂದು ದಿನಾ ತಪ್ಪಿಸಿಲ್ರಿ ನಾ.”

ತಸ್ಲೀಮಾ ಅವನನ್ನು ಮೊದಲ ಸಲ ನೋಡುತ್ತಿದ್ದಳು. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅನ್ನಿಸಿತು. ಅನ್ನಿಸಿದ್ದನ್ನು ರಿಪೋರ್ಟಿನಲ್ಲಿ ಬರೆಯಲು ಬರುವುದಿಲ್ಲ. ನೋಡುತ್ತೇನೆ ಕಾಕಾ ಎಂದು ಹೇಳಿ ಕಳಿಸಿದಳು, ಆಮೇಲೆ ನಿಜವಾಗಿಯೂ ನೋಡಲು ಕುಳಿತಳು.

ಈ ಯಂತ್ರಗಳನ್ನು ಹಚ್ಚಿಕೊಟ್ಟ ಕಂಪನಿಯ ಸಾದಿಕ ಎಂಬವನು ಹೈದರಾಬಾದಿನಲ್ಲಿ ಇರುತ್ತಾನೆ. ಇರುತ್ತಾನೆ ಎಂದರೆ ಫೋನಿನಲ್ಲಿ ಇರುತ್ತಾನೆ, ಅದೂ ಅವನ ಮನಸ್ಸು ಬಂದಾಗ. ನನ್ನ ಕಡೆಯಿಂದ ಎಲ್ಲ ಸರಿಯಾಗಿ ಕಾಣುತ್ತಿದೆ, ಸಿಮ್ ಬದಲಿಸಿ ನೋಡಿ ಎಂದ. ಸಿಮ್ ಬದಲಿಸಲು ಅರ್ಜಿ, ಅರ್ಜಿಗೆ ಸಹಿ, ಸಹಿ ಮಾಡುವವರಿಗೆ ರಜೆ. ಬದಲಿಸಿದರೂ ಕೆಂಪು ಗೆರೆ ಹೋಗಲಿಲ್ಲ. ಹಾಗಾದರೆ ಡಬ್ಬಿಯನ್ನೇ ಬದಲಿಸಿ ಎಂದ. ಡಬ್ಬಿ ಬಂತು, ಕೆಂಪು ಗೆರೆ ಹಾಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ತಸ್ಲೀಮಾಳಿಗೆ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸುತ್ತಿತ್ತು. ಫೋನು ಅವಳ ಸ್ವಂತದ್ದು, ಹಾಗಾಗಿ ಬಡಿಯಲಿಲ್ಲ.

ಕೊನೆಗೆ ಒಂದು ದಿನ ತಾನೇ ಆ ಊರಿಗೆ ಹೋದಳು. ಗಿಡ್ಡಪ್ಪ ಅವಳ ಕಣ್ಣೆದುರೇ ವಾಲ್ವ್ ತಿರುಗಿಸಿದ. ನೀರು ಬಿಟ್ಟೆ ಎಂದು ಓಣಿ ಓಣಿಗೆ ಕೂಗಿಕೊಂಡು ಹೋದ. ನಳಗಳಲ್ಲಿ ನೀರು ಬಂತು, ಕೊಡಗಳು ತುಂಬಿದವು, ಒಂದು ಸಣ್ಣ ಜಗಳವೂ ಆಯಿತು. ತುಂಬಿ ಮುಗಿದ ಮೇಲೆ ವಾಲ್ವ್ ಮುಚ್ಚಿದ. ತಸ್ಲೀಮಾ ಆಫೀಸಿಗೆ ಮರಳಿ ಲಾಗು ತೆರೆದರೆ ‘ಮುಚ್ಚಿತು’ ಇತ್ತು, ‘ತೆರೆಯಿತು’ ಇರಲಿಲ್ಲ. ತೆರೆಯದೇ ಇದ್ದ ವಾಲ್ವನ್ನು ಗಿಡ್ಡಪ್ಪ ಮುಚ್ಚಿದ್ದ! ಅವಳಿಗೆ ನಗು ಬರಲಿಲ್ಲ. ನೆಟ್ಟಗೆ ಗೋವಿಂದರಾಜರ ಮುಂದೆ ಹೋಗಿ, ನಾನು ಕಣ್ಣಾರೆ ನೋಡಿ ಬಂದಿದ್ದೇನೆ, ಅವನು ನೀರು ಬಿಟ್ಟಿದ್ದಾನೆ ಎಂದಳು.

ಅವರು ಸಿಟ್ಟಾಗಲಿಲ್ಲ. “ನೀ ನೋಡಿದ್ದು ಖರೇನ ಇರಬಹುದವಾ. ಅದನ್ನ ರಿಪೋರ್ಟಿನ್ಯಾಗ ಯಾವ ಕಾಲಮಿನ್ಯಾಗ ಹಾಕೂದು, ಅದನ್ನ ಹೇಳು” ಎಂದರು.

ಅದಕ್ಕೆ ಕಾಲಮ್ಮು ಇರಲಿಲ್ಲ. ತಸ್ಲೀಮಾ ಹೊರಗೆ ಬಂದು ನೀರು ಕುಡಿದಳು. ಆ ವಾರವೆಲ್ಲ ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡುಕುತ್ತಿದ್ದಳು. ಹಜರತಬೀಗೆ ಮಗಳ ಮೇಲೆ ಯಾರದೋ ದೃಷ್ಟಿ ಬಿದ್ದಿದೆ ಎಂದು ಖಾತ್ರಿಯಾಗಿ, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಹೊಡೆಯಿತು. ಕೆಂಪು ಗೆರೆಗೆ ಮಾತ್ರ ಏನೂ ಆಗಲಿಲ್ಲ.

ಗಿಡ್ಡಪ್ಪನ ಊರಿನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆದಿತ್ತು. ನೀರು ತಪ್ಪಿಲ್ಲ ಎಂದು ಊರಿನ ಹೆಂಗಸರಿಗೆಲ್ಲ ಗೊತ್ತು. ಆದರೆ ಗೊತ್ತಿದ್ದದ್ದು ಅವರವರ ಓಣಿಯ ಮಟ್ಟಿಗೆ ಮಾತ್ರ. ಗೋಡೆಗೆ ಅಂಟಿಸಿದ ನೋಟೀಸನ್ನು ಓದಿದ ಮೇಲೆ, ನಮ್ಮ ಓಣಿಗೆ ಬಿಡುತ್ತಾನೆ, ಆಚೆ ಓಣಿಯವರಿಗೆ ಬಿಡುವುದಿಲ್ಲವೇನೋ ಎಂದು ಒಬ್ಬೊಬ್ಬರೂ ಅಂದುಕೊಂಡರು. ಸರ್ಕಾರದ ಕಾಗದ ಸುಮ್ಮನೆ ಬರುತ್ತದೆಯೇ? ಇಷ್ಟು ವರ್ಷ ಅವನಿಗೆ ಚಹಾ ಕೊಡುತ್ತಿದ್ದ ಮುದಕಮ್ಮ ಕೂಡ ಮುಖ ತಿರುಗಿಸಿದಳಂತೆ. ಇದನ್ನು ಗಿಡ್ಡಪ್ಪನೇ ಫೋನು ಮಾಡಿ ತಸ್ಲೀಮಾಳಿಗೆ ಹೇಳಿದ. ನೌಕರಿಯದಕ್ಕಿಂತ ಚಹಾದ ವಿಷಯ ಹೇಳುವಾಗಲೇ ಅವನ ಧ್ವನಿ ಬಿದ್ದುಹೋಯಿತು.

ಆ ಮಾತು ಕೇಳಿದ ಮೇಲೆ ತಸ್ಲೀಮಾ ಹಳೆಯ ಲಾಗನ್ನೆಲ್ಲ ತೆಗೆದು ಕುಳಿತಳು. ನೋಡುತ್ತಾ ನೋಡುತ್ತಾ ಒಂದು ವಿಚಿತ್ರ ಕಾಣಿಸಿತು. ಭಾನುವಾರ ಒಂದು ದಿನವೂ ಕೆಂಪಿಲ್ಲ. ಎರಡನೇ ಶನಿವಾರ ಕೆಂಪಿಲ್ಲ, ರಮಜಾನಿನ ರಜೆಗೂ ಇಲ್ಲ, ದೀಪಾವಳಿಗೂ ಇಲ್ಲ. ಲೋಕವೆಲ್ಲ ರಜೆ ತೆಗೆದುಕೊಂಡ ದಿನ ಗಿಡ್ಡಪ್ಪ ಬಂಗಾರದಂಥ ನೀರಗಂಟಿ, ಆಫೀಸು ತೆರೆದ ದಿನ ಮಾತ್ರ ಮೈಗಳ್ಳ. ಅಂದರೆ ತಪ್ಪಿರುವುದು ಆಫೀಸಿನಲ್ಲೇ. ರಜೆಯ ದಿನ ಈ ಆಫೀಸಿನಲ್ಲಿ ಯಾವುದು ನಡೆಯುವುದಿಲ್ಲ ಎಂದು ಅವಳು ಕುಳಿತಲ್ಲೇ ಕಣ್ಣಾಡಿಸಿದಳು. ಫ್ಯಾನು, ಚಹಾದ ಕೆಟಲು, ಸಾಹೇಬರು. ಸಾಹೇಬರ ತಲೆಯ ಹಿಂದೆ ಟೀವಿ.

ಮರುದಿನ ಗೋವಿಂದರಾಜರು ಕುಷ್ಟಗಿಗೆ ಹೋಗಿದ್ದರು. ಟೀವಿ ಹಚ್ಚಬೇಡ ಎಂದು ಅವಳು ಜವಾನನಿಗೆ ಹೇಳಿದಳು. ಬಿಸಿಲೇರಿದಾಗ ಗಿಡ್ಡಪ್ಪನ ಊರಿನಿಂದ ‘ತೆರೆಯಿತು’ ಬಂತು, ಆಮೇಲೆ ‘ಮುಚ್ಚಿತು’ ಬಂತು. ಅದರ ಮರುದಿನ ಟೀವಿ ಎಂದಿನಂತೆ ಉರಿಯಿತು, ಒಂದು ಮೆಸೇಜು ಮಾಯವಾಯಿತು. ಆ ಟೀವಿ ಕೂಡ ಅದೇ ಪಾಳಿಯಿಂದ ಮೆಸೇಜು ಎತ್ತುತ್ತಿತ್ತು. ಒಂದು ಪಾಳಿಗೆ ಓದುವವರು ಇಬ್ಬರಾದರೆ ಒಂದು ಇವನಿಗೆ, ಒಂದು ಅವನಿಗೆ. ಒಬ್ಬರು ಎತ್ತಿಕೊಂಡ ಕೊಡ ಇನ್ನೊಬ್ಬರಿಗೆ ಸಿಗುವುದಿಲ್ಲ. ಲಾಗಿನ ಪ್ರೋಗ್ರಾಮು ತನಗೆ ಸಿಕ್ಕಿದ್ದನ್ನು ಬರೆದಿಡುತ್ತಿತ್ತು. ಟೀವಿ ತನಗೆ ಸಿಕ್ಕಿದ್ದನ್ನು ಹಸಿರಾಗಿ ಮಿನುಗಿಸಿ ಎಸೆದುಬಿಡುತ್ತಿತ್ತು. ನಸುಕಿನಲ್ಲಿ ನೀರು ಬಿಡುವ ಊರುಗಳಿಗೆ ಇದರ ಗೊಡವೆಯೇ ಇರಲಿಲ್ಲ, ಆಗ ಟೀವಿ ಮಲಗಿರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗಿಡ್ಡಪ್ಪ ನೀರು ಬಿಟ್ಟಿಲ್ಲ ಎಂದು ಸಾಹೇಬರು ಸಹಿ ಮಾಡುವಾಗ, ಬಿಟ್ಟಿದ್ದಾನೆ ಎಂಬ ಸಾಕ್ಷಿ ಅವರ ತಲೆಯ ಹಿಂದೆಯೇ ಮಿನುಗಿ ಆರಿಹೋಗಿತ್ತು.

ಸಾದಿಕನಿಗೆ ಫೋನು ಹಚ್ಚಿದಳು. ಅವನು, ಸಾಹೇಬರಿಗೆ ಟೀವಿ ಅವತ್ತಿನ ದಿನವೇ ಬೇಕಾಗಿತ್ತು, ಅವಸರದಲ್ಲಿ ಇದ್ದ ಕ್ಯೂಗೇ ಹಚ್ಚಿಬಿಟ್ಟೆ ಎಂದು ಒಪ್ಪಿಕೊಂಡ. ಟೀವಿಗೆ ಬೇರೆ ಪಾಳಿ ಮಾಡಿ, ಪ್ರತಿ ಮೆಸೇಜಿನ ನಕಲು ಎರಡಕ್ಕೂ ಹೋಗುವಂತೆ ಮಾಡಿದ. ಒಂದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿಯಿತು. ಇಷ್ಟಕ್ಕಾಗಿ ಸಿಮ್ಮು, ಡಬ್ಬಿ, ಒಬ್ಬ ಮನುಷ್ಯನ ಮಾನ! ಹಾಳಾದ ಹಳೆಯ ಮೆಸೇಜುಗಳನ್ನು ಮರಳಿ ತರಲು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದ. ತಸ್ಲೀಮಾ ಅವನಿಗೆ ಉರ್ದುವಿನಲ್ಲಿ ಏನು ಹೇಳಿದಳೋ ಅದು ಇಲ್ಲಿ ಬರೆಯುವಂಥದ್ದಲ್ಲ.

ಅವಳಿಗೆ ತಿಳಿಯದ ಸಂಗತಿ ಇನ್ನೊಂದಿತ್ತು. ಅದೇ ವಾರ ಪಂಚಾಯಿತಿಯವರು ಗಿಡ್ಡಪ್ಪನನ್ನು ಕೂರಿಸಿಕೊಂಡು, ತಪ್ಪಾಯಿತು, ಇನ್ನು ಮುಂದೆ ಸರಿಯಾಗಿ ಬಿಡುತ್ತೇನೆ ಎಂದು ಬರೆದುಕೊಟ್ಟರೆ ನೌಕರಿ ಉಳಿಯುತ್ತದೆ ಎಂದಿದ್ದರು. ಅವನು ಬರೆದುಕೊಟ್ಟಿದ್ದ. ಮರುದಿನದಿಂದಲೇ ರಿಪೋರ್ಟಿನಲ್ಲಿ ಕೆಂಪು ಗೆರೆ ನಿಂತುಹೋಯಿತು.

“ನೋಡಿದೇನು ತಸ್ಲೀಮಾ? ನೋಟೀಸು ಕೊಟ್ಟು ಬರಸ್ಕೊಂಡ ಕೂಡ್ಲೆ ಹ್ಯಾಂಗ ನೆಟ್ಟಗಾದ” ಎಂದರು ಗೋವಿಂದರಾಜರು, ಬಲು ಖುಷಿಯಿಂದ.

ತಸ್ಲೀಮಾ ಬಾಗಿಲು ಮುಂದೆ ಮಾಡಿ ಟೀವಿಯ ಕಥೆಯನ್ನು ಮೊದಲಿನಿಂದ ಹೇಳಿದಳು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲೇ ಕಂಡಿತು. ಒಮ್ಮೆ ತಿರುಗಿ ಟೀವಿ ನೋಡಿದರು. ಹಾಗಾದರೆ ಇದನ್ನೆಲ್ಲ ಬರೆದು ಗಿಡ್ಡಪ್ಪನ ತಪ್ಪಿಲ್ಲವೆಂದು ಪಂಚಾಯಿತಿಗೆ ತಿಳಿಸಬೇಕು, ಆ ಕಾಗದ ಮರಳಿ ಕೊಡಿಸಬೇಕು ಎಂದಳು.

“ಏನಂತ ಬರೀಲಿ? ನನ್ನ ಟೀವಿ ತಿಂತು ಅಂತ ಬರೀಲೇನು?” ಎಂದರು ಅವರು, ಮೆಲ್ಲಗೆ. “ಅವನ ನೌಕರಿ ಅಂತೂ ಉಳೀತು. ಈಗೆಲ್ಲಾ ಸರಿ ಐತಿ. ಹಳೇದು ಕೆದರಬ್ಯಾಡವಾ.”

ಅವಳು ಕೆದರಿದಳು. ತಾನೇ ಬರೆದು ಮೇಲಿನ ಆಫೀಸಿಗೆ ಕಳಿಸಿದಳು. ನೆನಪೋಲೆ ಕಳಿಸಿದಳು, ಫೋನು ಮಾಡಿದಳು. ಬಹಳ ದಿನಗಳ ಮೇಲೆ ಉತ್ತರ ಬಂತು. ಸದರಿ ನೀರಗಂಟಿಯ ಕಾರ್ಯವೈಖರಿಯಲ್ಲಿ ಈಗ ಸುಧಾರಣೆ ಕಂಡುಬಂದಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಅವಳು ಸರಿಮಾಡಿದ್ದೇ ಅವನ ತಪ್ಪಿಗೆ ಸಾಕ್ಷಿಯಾಗಿತ್ತು. ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಸಿಟ್ಟಿನಿಂದ ಅತ್ತಳು.

ಅಲ್ಲಿಂದ ಮುಂದೆ ಗಿಡ್ಡಪ್ಪ ಆಫೀಸು ತೆರೆದ ದಿನವೆಲ್ಲ ಫೋನು ಮಾಡತೊಡಗಿದ. ವಾಲ್ವ್ ತಿರುಗಿಸಿ, ಓಣಿಗೆ ಕೂಗುವ ಮೊದಲೇ ಅವಳಿಗೆ ಫೋನು. “ತೆರದೀನ್ರಿ ಮೇಡಂರ. ಬಂತೇನ್ರಿ?” ಅವಳು ಲಾಗು ನೋಡಿ, ಬಂತು ಕಾಕಾ ಎನ್ನಬೇಕು. ಮುಚ್ಚಿದಾಗ ಇನ್ನೊಂದು ಫೋನು. ಈಗ ಎಲ್ಲ ಸರಿಯಾಗಿದೆ, ನೀವು ಕೇಳುವುದು ಬೇಕಿಲ್ಲ, ನೀವು ಬಿಟ್ಟಿದ್ದು ನಿಮಗೇ ಗೊತ್ತಿರುತ್ತದಲ್ಲ ಎಂದು ಒಮ್ಮೆ ಬಿಡಿಸಿ ಹೇಳಿದಳು.

“ನನಗ ಗೊತ್ತಿದ್ರ ಏನು ಬಂತ್ರಿ?” ಎಂದ ಗಿಡ್ಡಪ್ಪ. “ಅದಕ್ಕ ಗೊತ್ತಾಗಬೇಕಲ್ರಿ.”

ಮೊನ್ನೆ ಶ್ರೀರಾಮನಗರದಲ್ಲಿ ಸಂಬಂಧಿಕರ ಮದುವೆ. ತಸ್ಲೀಮಾ ರಜೆ ಹಾಕಿ ಹೋಗಿದ್ದಳು. ಪೆಂಡಾಲಿನಲ್ಲಿ ಊಟಕ್ಕೆ ಕುಳಿತು ಮೊದಲ ತುತ್ತು ಕಲಸುವಾಗ ಫೋನು ಬಂತು. ತೆರೆದಿದ್ದೇನೆ, ಬಂತೇ ಎಂದು ಅದೇ ಧ್ವನಿ. ಅವಳ ಮುಂದೆ ಕಂಪ್ಯೂಟರ್ ಇರಲಿಲ್ಲ, ಲಾಗು ಇರಲಿಲ್ಲ, ಬಂದಿದೆಯೋ ಇಲ್ಲವೋ ನೋಡಲು ದಾರಿ ಇರಲಿಲ್ಲ. ಅವನು ಆಚೆ ಕಡೆ ಕಾಯುತ್ತಿದ್ದ.

“ಬಂದೈತಿ ಕಾಕಾ” ಎಂದಳು ತಸ್ಲೀಮಾ.

ಗಿಡ್ಡಪ್ಪ ಸಮಾಧಾನದ ಉಸಿರು ಬಿಟ್ಟು ಫೋನಿಟ್ಟ. ಅವಳು ಆ ತುತ್ತನ್ನು ಹಾಗೇ ಬಿಟ್ಟು ಕೈತೊಳೆಯಲು ಎದ್ದಳು.