ನಿಂಬೆಹಣ್ಣು ಹಿಡಿದು ಹಿಪ್ನೋಥೆರಪಿಗೆ

ಹಿಪ್ನೋಥೆರಪಿ ಡಾಕ್ಟರನ್ನು ಕಾಣಲು ನಮ್ಮಕ್ಕ ಎಲೆ, ಅಡಿಕೆ, ಎರಡು ನಿಂಬೆಹಣ್ಣು ಹಿಡಿದುಕೊಂಡು ಬಂದಿದ್ದಳು. ಜೊತೆಗೊಂದು ಪ್ರಶ್ನೆಯನ್ನೂ.

ರಾಮನಗರದ ಆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆಯೇ ಕೇಳಿದೆ, "ಇದೆಲ್ಲ ಯಾಕಕ್ಕ?"

"ಬರಿಗೈಲಿ ಕೇಳಕಾಯ್ತದಾ? ನಿಮ್ ಭಾವಂಗೆ ಮಂಪರು ಬರುಸ್ತಾರಂತೆ. ಆಗ ಅವ್ರವ್ವನ ಚಿನ್ನದ ಓಲೆ ಯಾವ ತಂಗಿಗೆ ಕೊಟ್ರು ಅಂತ ಕೇಳ್ಬುಡ್ತೀನಿ."

ಅಕ್ಕನದು ಕೂಟಗಲ್ ಕಡೆಯ ಊರು. ಅಲ್ಲಿ ಯಾರ ಮೈಮೇಲಾದರೂ ದೇವರು ಬಂದರೆ ಜನ ಸಾಲಾಗಿ ಬಂದು ಕೇಳುತ್ತಾರೆ. ಕಳೆದುಹೋದ ಕುರಿ, ಕೂಡಿಬರದ ಸಂಬಂಧ, ಎಲ್ಲವನ್ನೂ. ಕಣ್ಣು ಮುಚ್ಚಿದವರು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. (ನನ್ನ ತಿಳಿವಳಿಕೆ ಅದಕ್ಕಿಂತ ಹೆಚ್ಚಿತ್ತು ಅಂದುಕೊಳ್ಳಬೇಡಿ. ಡಾಕ್ಟರು ಗಡಿಯಾರ ತೂಗಾಡಿಸುತ್ತಾರೆ ಅಂತ ನಾನೂ ಕಾದಿದ್ದೆ.)

ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ದಾಗ ಭಾವ ಹಿಪ್ಪುನೇರಳೆ ತೋಟವನ್ನು ಅಕ್ಕನಿಗೆ ವಹಿಸಿ, ತಗಡು ಒತ್ತುವ ಪ್ರೆಸ್ ಮಷೀನಿಗೆ ಆಪರೇಟರ್ ಆಗಿ ಸೇರಿದ್ದರು. ಏಳು ತಿಂಗಳ ಹಿಂದೆ ಅದೇ ಮಷೀನಿನಲ್ಲಿ ಅವರ ಗೆಳೆಯ, ದೊಡ್ಡಮಳೂರಿನ ನಾಗರಾಜನ ಬಲಗೈಯ ಎರಡು ಬೆರಳು ಹೋದವು. ಅಂದಿನಿಂದ ಭಾವನ ಬಲಗೈ ಮಷೀನಿನ ಬಟನ್ ಹತ್ತಿರ ಹೋದರೆ ಸಾಕು, ಮರಗಟ್ಟುತ್ತದೆ. ಮನೆಯಲ್ಲಿ ಅದೇ ಕೈ ಮುದ್ದೆ ಮುರಿಯುತ್ತದೆ, ಸೊಪ್ಪು ಕೊಯ್ಯುತ್ತದೆ. ನರದ ಡಾಕ್ಟರು ಪರೀಕ್ಷೆ ಮಾಡಿ, ನರಕ್ಕೇನೂ ತೊಂದರೆಯಿಲ್ಲ, ಭಯವಿರಬಹುದು ಎಂದು ಈ ಕ್ಲಿನಿಕ್ಕಿಗೆ ಬರೆದುಕೊಟ್ಟರು. ಇಷ್ಟು ದಿನ ಪ್ಯಾಕಿಂಗ್ ಕೆಲಸಕ್ಕೆ ಹಾಕಿದ್ದ ಕಾರ್ಖಾನೆಯವರು ಕೊನೆಗೆ ಒಂದು ತಿಂಗಳು ಟೈಮ್ ಕೊಟ್ಟರು. ಅಷ್ಟರಲ್ಲಿ ಕೈ ಸರಿಹೋಗದಿದ್ದರೆ ಕೆಲಸ ಇಲ್ಲ.

ಹಾಗಂತ ಭಾವ ಸುಲಭವಾಗಿ ಹೊರಟರೇ? ಮೂರು ಸಲ ಅಪಾಯಿಂಟ್‌ಮೆಂಟ್ ತಪ್ಪಿಸಿದರು. ಓಲೆಯ ಗುಟ್ಟು ಬಾಯಿಬಿಡಬೇಕಾದೀತೆಂಬ ಭಯ ಅಂತ ನಾನು ಒಳಗೊಳಗೇ ನಕ್ಕಿದ್ದೆ.

ಡಾಕ್ಟರಮ್ಮ ನಿಂಬೆಹಣ್ಣನ್ನು ಮರ್ಯಾದೆಯಿಂದಲೇ ತೆಗೆದುಕೊಂಡು ಮೇಜಿನ ಮೇಲಿಟ್ಟರು. "ಇಲ್ಲಿ ಯಾರ ಮೈಮೇಲೂ ಯಾರೂ ಬರಲ್ಲಮ್ಮ," ಎಂದು ಭಾವನ ಕಡೆ ತಿರುಗಿದರು. "ನೀವು ನಿದ್ದೆಗೂ ಹೋಗಲ್ಲ. ನಿಮ್ಮೂರ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಏನೋ ಯೋಚನೇಲಿ ಮುಳುಗಿರ್ತೀರಿ. ಕಂಡಕ್ಟರ್ ಕೂಗಿದ್ರೆ ಇಳೀತೀರಲ್ಲ? ಅಷ್ಟೇ. ಹೇಳೋಕೆ ಇಷ್ಟ ಇಲ್ಲದ್ದನ್ನ ಹೇಳಬೇಕಾಗಿಲ್ಲ. ಸಾಕು ಅನ್ನಿಸಿದ್ರೆ ಎದ್ದು ಹೋಗಬಹುದು. ಒಂದೇ ಸಲಕ್ಕೆ ಗುಣ ಆಗಲ್ಲ, ಎಲ್ಲರಿಗೂ ಆಗುತ್ತೆ ಅಂತಾನೂ ನಾನು ಹೇಳಲ್ಲ."

ಅಕ್ಕನ ಮುಖ ಸಪ್ಪಗಾಯಿತು. ಭಾವ ಮಾತ್ರ ನಿರಾಳವಾಗಿ ಉಸಿರು ಬಿಟ್ಟರು, ನನಗೂ ಕೇಳಿಸಿತು.

ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆಯ ನಂತರ ಭಾವ ಬಂದರು. "ಮಂಪರೇ ಬರ್ಲಿಲ್ಲ ಕಣಪ್ಪ. ರೋಡಲ್ಲಿ ಲಾರಿ ಹೋಗಿದ್ದೂ ಕೇಳುಸ್ತಿತ್ತು. ಮೈ ಮಾತ್ರ ಒಸಿ ಹಗುರ ಆಗಯ್ತೆ."

"ಹಂಗಾರೆ ಕೆಲ್ಸ ಆಗಿಲ್ಲ ಬುಡು," ಅಂದಳು ಅಕ್ಕ.

ವಾರಕ್ಕೊಂದರಂತೆ ಇನ್ನೆರಡು ಸಲ ಹೋದೆವು. ಮೂರನೆಯ ಸಲ ಮುಗಿಸಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಮಟಮಟ ಮಧ್ಯಾಹ್ನ, ಸುತ್ತಲೂ ಜನ. ಭಾವ ಲೋಟ ಕೆಳಗಿಟ್ಟರು.

"ಆ ಮಷೀನ್ಗೆ ಎರಡು ಬಟನ್ನು. ಎರಡೂ ಕೈಲಿ ಒತ್ತುದ್ರೇ ಪ್ರೆಸ್ ಇಳಿಯೋದು. ಕೈ ಒಳಗೆ ಸಿಗಬಾರ್ದು ಅಂತ ಹಂಗೆ ಮಡಗಿರೋದು. ಬೇಗ ಪೀಸ್ ತೆಗೆಯವ, ಒಂದೇ ಕೈಲಿ ಪ್ರೆಸ್ ಇಳೀಲಿ ಅಂತ ನಾನು ಒಂದು ಬಟನ್ ಒತ್ತಿ ಟೇಪ್ ಸುತ್ತಿದ್ದೆ. ಶಿಫ್ಟ್ ಮುಗಿದಾಗ ಬಿಚ್ಚೋದು ಮರ್ತೋದೆ. ನನ್ ಹಿಂದ್ಲೆ ಬಂದೋನು ನಾಗರಾಜ."

ಓಲೆಗೆ ಹೆದರಿದ್ದಾರೆ ಅಂತ ನಕ್ಕಿದ್ದೆನಲ್ಲ, ನಾಚಿಕೆಯಾಯಿತು.

"ಡಾಕ್ಟ್ರಿಗೆ ಹೇಳುದ್ರಾ?" ಅಕ್ಕ ಮೆಲ್ಲಗೆ ಕೇಳಿದಳು.

"ಇಲ್ಲ. ಅವ್ರು ಕೇಳ್ಲೂ ಇಲ್ಲ. ಆದ್ರೆ ಅಲ್ಲಿ ಕೂತಾಗ ಗಾಬ್ರಿ ಇಲ್ದೆ ಆ ಟೇಪ್‌ನ ಮನ್ಸಲ್ಲೇ ನೋಡ್ದೆ."

ಹಿಪ್ನೋಥೆರಪಿ ಅಂದರೆ ಇನ್ನೊಬ್ಬರು ನಮ್ಮೊಳಗೆ ಕೈಹಾಕಿ ಗುಟ್ಟು ಕೀಳುವುದು ಎಂದೇ ನಂಬಿದ್ದೆ. ನೋಡಿದರೆ ಅಲ್ಲಿ ಆದದ್ದು ಇಷ್ಟೇ. ಏಳು ತಿಂಗಳಿಂದ ಹಿಂದೆ ತಿರುಗಿ ನೋಡಲಾರದ ಮನುಷ್ಯನಿಗೆ ಹೆದರದೆ ಕೂರಲು ಒಂದು ಕುರ್ಚಿ ಸಿಕ್ಕಿತು. ಹೇಳುವ ಕೆಲಸವನ್ನು ಅವರೇ ಮಾಡಬೇಕಾಯಿತು, ಕಣ್ಣು ಬಿಟ್ಟುಕೊಂಡು.

ಅಕ್ಕ ಎದ್ದಳು. "ನಡೀರಿ, ಮಳೂರಿಗೆ ಹೋಗವ, ನಾಗರಾಜನ್ ಮನೆಗೆ."

(ಕೈ ಏನಾಯಿತು ಅಂತ ಕೇಳುತ್ತೀರಿ. ಗಡುವಿನೊಳಗೆ ಮಷೀನಿಗೆ ಮರಳಿದರು. ಈಗಲೂ ಒಮ್ಮೊಮ್ಮೆ ತಡೆಯುತ್ತದಂತೆ. ಎರಡೂ ಬಟನ್ ಒತ್ತುತ್ತಾರೆ.)

ನಾಗರಾಜ ಜಗಲಿಯ ಮೇಲೆ ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಭಾವ ಚಪ್ಪಲಿ ಬಿಟ್ಟು, ನಿಂತೇ ಎಲ್ಲವನ್ನೂ ಹೇಳಿದರು. ಆತ ಕೊನೆಯವರೆಗೂ ಕೇಳಿಸಿಕೊಂಡ.

"ಟೇಪು ನಿಂದೇ ಅಂತ ಅವತ್ತೇ ಗೊತ್ತಿತ್ತು ಕಣ್ಲಾ," ಅಂದ. "ಬಿಡದಿಯಿಂದ ಮಳೂರಿಗೆ ಬರಕೆ ಏಳು ತಿಂಗಳು ಬೇಕಾಯ್ತೇನ್ಲಾ ನಿಂಗೆ?"