ಈಬತ್ತಿಯ ಸೋಮವಾರ

ಬಸವಕಲ್ಯಾಣದ ಹಳೇ ಓಣಿಯಲ್ಲಿ ಸುಂದರಬಾಯಿಯ ಹಿಟ್ಟಿನ ಗಿರಣಿಗೆ ಬರುವ ಹೆಂಗಸರು ಕೂರುವುದಿಲ್ಲ. ಬೆಂಚು ಇದೆ, ಆದರೂ ನಿಂತೇ ಇರುತ್ತಾರೆ. ಒಂದು ಕಣ್ಣು ಗಿರಣಿಯ ಬಾಯಿಯ ಮೇಲೆ, ಇನ್ನೊಂದು ಸುಂದರಬಾಯಿಯ ಕೈಯ ಮೇಲೆ. ಮೊದಲಿನವರ ಸಜ್ಜೆ ತಮ್ಮ ಜೋಳದಲ್ಲಿ ಕೂಡೀತೋ, ತಮ್ಮ ಹಿಟ್ಟು ಹಿಡಿಯಷ್ಟು ಒಳಗೇ ಉಳಿದೀತೋ ಎಂಬ ಅಂಜಿಕೆ.

“ಒಮ್ಮೆಲೇ ಸುರಿಬ್ಯಾಡ್ರೆವ್ವಾ, ಬಾಯಿ ಕಟ್ತದ!” ಎಂದು ಆಕೆ ಮುಂಜಾನೆಯಿಂದ ಸಂಜೆಯ ತನಕ ಕೂಗುತ್ತಲೇ ಇರುತ್ತಾಳೆ. ಪುಟ್ಟಿ ತುಂಬ ಕಾಳನ್ನು ಒಂದೇ ಸಲ ಸುರಿದರೆ ಗಿರಣಿಯ ಬಾಯಿ ಜಾಮಾಗಿ ಕಲ್ಲು ನಿಲ್ಲುತ್ತದೆ. ಹೆಂಗಸರಿಗೆ ಆ ಮಾತಿನ ಮೇಲೂ ಗುಮಾನಿಯೇ. ಸಾವಕಾಶ ಸುರಿ ಅನ್ನುವುದು ನಡುವೆ ಕೈ ಹಾಕುವುದಕ್ಕೇ ಇರಬೇಕು ಎಂದು ತಮ್ಮತಮ್ಮಲ್ಲೇ ಕಣ್ಸನ್ನೆ ಮಾಡುತ್ತಾರೆ.

ಕೊಡಂಬಲದಿಂದ ಮದುವೆಯಾಗಿ ಬಂದ ಸುಂದರಬಾಯಿ ಗಂಡನ ಗಿರಣಿಯ ಮುಂದೆ ಕೂತದ್ದೇ ಕೂತದ್ದು, ಊರಿನ ಅನುಮಾನವನ್ನು ಹಿಟ್ಟಿನ ಹಾಗೆ ಮೈಮೇಲೆ ಹೊತ್ತುಕೊಂಡೇ ಬಾಳಿದಳು. ಹಿಟ್ಟನ್ನಾದರೆ ಸಂಜೆ ಜಾಡಿಸಿಕೊಳ್ಳಬಹುದು. ಅನುಮಾನ ಒಳಗಿಳಿಯುತ್ತದೆ. ಬರಬರುತ್ತ ಆಕೆಯೂ ಜಗತ್ತನ್ನು ಹಾಗೇ ನೋಡತೊಡಗಿದಳು. ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವಳು. ದೇವರ ಮುಂದಿನ ದೀಪ ಆರಿದರೆ ಗಾಳಿಯನ್ನು ಬಿಟ್ಟು ಎಣ್ಣೆ ಅಂಗಡಿಯವನನ್ನು ಬೈಯುವಳು.

“ಶಿವ ಬಂದು ಎದುರಿಗೆ ನಿಂತ್ರೂ, ಕೊರಳಾಗಿನ ಹಾವು ಖರೇದೋ ರಬ್ಬರಿಂದೋ ಅಂತ ಮುಟ್ಟಿ ನೋಡಾಕಿ ನೀ,” ಎಂದು ಗಂಡ ಮಹಾರುದ್ರಪ್ಪ ನಗುತ್ತಿದ್ದ.

“ಮುಟ್ಟಿದ್ರ ತಪ್ಪೇನ್ರಿ? ಖರೇ ಇದ್ರ ಕಚ್ತದ, ಗೊತ್ತಾಗ್ತದ.”

ಅವಳ ಅನುಮಾನಕ್ಕೆ ಸಿಗದ ಜೀವ ಆ ಮನೆಯಲ್ಲಿ ಒಂದೇ ಇತ್ತು, ಒಂದು ಮೊಲ. ಮುಡಬಿಯಲ್ಲಿ ಮೊಲ ಸಾಕುತ್ತಿದ್ದ ಚನ್ನಬಸಪ್ಪ ಆ ಕಸುಬು ಬಿಟ್ಟಾಗ ಉಳಿದ ಒಂದನ್ನು ಮಹಾರುದ್ರಪ್ಪ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬೂದಿಬಿಳಿ ಬಣ್ಣ, ಮುಟ್ಟಿದರೆ ವಿಭೂತಿಗಟ್ಟಿಯಷ್ಟು ನಯ. ವಿಭೂತಿಗೆ ಆ ಕಡೆಯವರು ಅನ್ನುವ ಹಾಗೆ ಸುಂದರಬಾಯಿ ಅದಕ್ಕೆ ಈಬತ್ತಿ ಎಂದೇ ಹೆಸರಿಟ್ಟಳು. ಹಗಲೆಲ್ಲ ಜನರ ಕಣ್ಣಿನಲ್ಲಿ ಕಳ್ಳಿಯಾಗಿದ್ದು ಬಂದವಳ ಪಾದದ ಬಳಿ ಅದು ಮೂಗು ಕುಣಿಸುತ್ತ ಬಂದು ಕೂರುತ್ತಿತ್ತು. ಅದರ ನೋಟದಲ್ಲಿ ಲೆಕ್ಕಾಚಾರ ಇರಲಿಲ್ಲ. ಅಷ್ಟು ಸಾಕಿತ್ತು ಆಕೆಗೆ.

ಸುಂದರಬಾಯಿ ಹುಡುಗಿಯಾಗಿದ್ದಾಗಿನಿಂದ ಸೋಮವಾರದ ಉಪವಾಸ ತಪ್ಪಿಸಿದವಳಲ್ಲ. ಸಂಜೆ ಪೂಜೆ ಮುಗಿಯುವ ತನಕ ಹನಿ ನೀರಷ್ಟೇ. ಗಂಡ ಹೋಟೆಲಿನಲ್ಲಿ ಸುಸಲಾ ತಿಂದು ಮೀಸೆ ಒರೆಸಿಕೊಂಡು ಬರುವುದು ಗೊತ್ತಿದ್ದರೂ ಆ ಪಾಪ ಅವನದು ಎಂದು ಬಿಟ್ಟಿದ್ದಳು. ಆದರೆ ಈಬತ್ತಿಯನ್ನು ಬಿಡಲಿಲ್ಲ. “ಅಂಥಾ ಹೆಸರು ಹೊತ್ತ ಮ್ಯಾಲ ಸೋಮವಾರ ಮಾಡಲೇಬೇಕು,” ಎಂದು ಮುಂಜಾನೆಯೇ ಅದರ ಗೂಡಿನಿಂದ ಹುಲ್ಲು ತೆಗೆದು ನೀರಿನ ಬಟ್ಟಲು ಮಾತ್ರ ಇಡುವಳು. ಸಂಜೆ ಆರತಿಯಾದ ಮೇಲೆ ಸ್ಟೀಲಿನ ಬಟ್ಟಲು ತುಂಬ ಅಂಗಡಿಯಿಂದ ತಂದ ಮೊಲದ ಮೇವಿನ ಒಣ ಗುಳಿಗೆ, ಮೇಲೆ ಪ್ರಸಾದದ ಪುಟಾಣಿ, ಒಂದು ಚೂರು ಕೊಬ್ಬರಿ. ನೇಮ ಹಿಡಿದ ಜೀವಕ್ಕೆ ಅಷ್ಟಾದರೂ ಬೇಡವೇ?

ಒಂದು ಸೋಮವಾರ ಸಂಜೆ ಬಟ್ಟಲಿಗೆ ಮುಖ ಹಾಕಿದ ಮೊಲ ಫಕ್ಕನೆ ಹಿಂದೆ ಸರಿದು ಮೂಗನ್ನು ಮೇಲೆತ್ತಿತು. ಜೊಲ್ಲು ಸುರಿಯಿತು. ಮುಂಗಾಲಿನಿಂದ ಬಾಯಿ ಕೆರೆದುಕೊಂಡಿತು. ಆ ಹೊತ್ತಿಗೇ ಸೊಸೆ ಅನುರಾಧಾ ಹುಮನಾಬಾದದ ತವರಿನಲ್ಲಿ ನಾಲ್ಕು ದಿನ ಇದ್ದು, ಗಂಡ ಓಂಪ್ರಕಾಶನ ಜೊತೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಮೊಲ ಕೆಮ್ಮಿದ ಹಾಗೆ ಒದ್ದಾಡಿ, ಏನನ್ನೋ ಉಗುಳಿ ಸುಮ್ಮನಾಯಿತು.

ಸುಂದರಬಾಯಿ ಮೊಲವನ್ನು ಎತ್ತಿಕೊಂಡಳು. ಆಮೇಲೆ ಸೊಸೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಇಷ್ಟು ದಿನ ಇಲ್ಲದ್ದು ಇವಳು ಕಾಲಿಟ್ಟ ಗಳಿಗೆಗೇ ಯಾಕೆ?

ಅಂದಿನಿಂದ ಆಕೆಯ ಕಣ್ಣು ಗೂಡಿನ ಸುತ್ತಲೇ ಸುಳಿದಾಡಿತು. ಮುಂದಿನ ಸೋಮವಾರ ಮಧ್ಯಾಹ್ನ ಗಿರಣಿಯಿಂದ ಸದ್ದಿಲ್ಲದೆ ಎದ್ದು ಬಂದು ಗೂಡಿಗೆ ಕೈಯಾಡಿಸಿದರೆ, ಗೋಣಿತಟ್ಟಿನ ಕೆಳಗೆ ಹಸಿ ಗರಿಕೆಯ ಎರಡು ಎಸಳು! ಮೂಸಿ ನೋಡಿದಳು. ಬರೀ ಹುಲ್ಲಿನ ವಾಸನೆ. ಬರೀ ಹುಲ್ಲಾದರೆ ಕದ್ದು ಹಾಕುವುದು ಯಾಕೆ? ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಕಳ್ಳರು ಎಚ್ಚರಾಗುತ್ತಾರೆ ಎಂಬುದು ಗಿರಣಿಯ ಪಾಠ.

ಆಮೇಲೆ ಟಾವೆಲಿನ ಸಂಗತಿ. ಒಂದು ಮಧ್ಯಾಹ್ನ ಸೊಸೆಯ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಅನುರಾಧಾ ದಪ್ಪ ಟಾವೆಲನ್ನು ಸುರುಳಿ ಸುತ್ತಿ, ಮುಂಗೈಯ ಮೇಲೆ ಬೋರಲು ಮಲಗಿಸಿ, ಇನ್ನೊಂದು ಕೈಯಿಂದ ಅದರ ಬೆನ್ನನ್ನು ಗಟ್ಟಿಯಾಗಿ ಅದುಮಿ, ಮೇಲಿಂದ ಕೆಳಕ್ಕೆ ಜೋರಾಗಿ ಬೀಸುತ್ತಿದ್ದಳು. ನಿಲ್ಲಿಸಿ, ಫೋನು ನೋಡಿ, ಮತ್ತೆ ಬೀಸುತ್ತಿದ್ದಳು. ಸುಂದರಬಾಯಿ ಸಪ್ಪಳಾಗದಂತೆ ಹಿಂದೆ ಸರಿದಳು.

ತಡೆಯಲಾರದೆ ಹಿಂದಿನ ಓಣಿಯ ಹಜಿರಾ ಬೀಗೆ ಹೇಳಿದಳು. ರವಿಕೆ ಹೊಲಿಯುವ ಹಜಿರಾ ಬೀ ಮಾತ್ರ ಗಿರಣಿಗೆ ಬಂದರೆ ಕಾಳಿನ ಡಬ್ಬಿ ಕೊಟ್ಟು ಬೆನ್ನು ಮಾಡಿ ಬೆಂಚಿನ ಮೇಲೆ ಕೂರುತ್ತಿದ್ದಳು.

“ಕೂಸಿನ ಆಸೆ ಇರ್ಬೇಕು ಆಪಾ, ಅದಕ್ಕ ಟಾವೆಲ್ ಆಡಿಸ್ತಾಳ.”

“ಕೂಸಿನ್ನ ಯಾರರ ತಲಿಕೆಳಗ ಮಾಡಿ ಬೀಸ್ತಾರೇನು?”

“ಹಂಗಾರ ನಿಮ್ಮ ಮ್ಯಾಲಿನ ಸಿಟ್ಟು ಟಾವೆಲ್ ಮ್ಯಾಲ ತೀರಿಸ್ಕೊಳಾಕತ್ತಾಳ. ಬಿಡ್ರಿ, ಸಸ್ತಾದಾಗ ಮುಗೀತು,” ಎಂದು ಹಜಿರಾ ಬೀ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಶಕ್ ಅನ್ನೋದು ಬೀಮಾರಿ ಆಪಾ. ಹುಡುಗಿನ್ನ ಕೇಳೇ ಬಿಡ್ರಲ್ಲ,” ಅಂದಳು.

ಸುಂದರಬಾಯಿ ಕೇಳಲಿಲ್ಲ. ಕೇಳುವ ಬದಲು ಒಂದು ಕೀಲಿ ಕೊಂಡಳು. ಮರುಸೋಮವಾರ ಬೆಳಗಾಗುವ ಮೊದಲೇ ಗೂಡನ್ನು ಝಾಡಿಸಿ, ಬಾಗಿಲಿಗೆ ಕೀಲಿ ಜಡಿದು, ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

ಅದನ್ನು ಕಂಡು ಅನುರಾಧಾಳ ಮುಖ ಬಿಳಚಿಕೊಂಡಿತು. “ಅತ್ತಿ, ಇದಕ್ಯಾಕ ಕೀಲಿ?”

“ಬೆಕ್ಕಿನ ಕಾಟ.”

“ಬೆಕ್ಕು ಎಂದೂ ಬಂದಿಲ್ರಿ ನಮ್ಮನಿಗಿ.”

“ಎರಡು ಕಾಲಿನ ಬೆಕ್ಕವ್ವಾ. ಅದು ಬಂದಿದ್ದು ಗೊತ್ತಾಗಂಗಿಲ್ಲ.”

ಅನುರಾಧಾ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಆ ಸುಮ್ಮನಾದದ್ದನ್ನೂ ಸುಂದರಬಾಯಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಹಗಲಿಡೀ ಸೊಸೆ ಗೂಡಿನ ಮುಂದೆ ಎಡತಾಕಿದಳು. ಮೊಲ ಜಾಳಿಗೆಗೆ ಹಲ್ಲು ಉಜ್ಜುತ್ತಿತ್ತು. ಇವತ್ತು ಇವಳ ಬಣ್ಣ ತಿಳಿಯುತ್ತದೆ ಎಂದುಕೊಂಡಳು ಅತ್ತೆ.

ಸಂಜೆ ಪೂಜೆಯಾಯಿತು. ಚಾವಿ ತಿರುಗಿಸಿ ಬಟ್ಟಲನ್ನು ಒಳಗಿಡುವ ಮೊದಲೇ ಈಬತ್ತಿ ಅದರ ಮೇಲೆ ಬಿದ್ದಿತು. ಅಗಿಯುವ ಸದ್ದೇ ಇಲ್ಲ, ಬರೀ ನುಂಗುವುದು. ಮರುಗಳಿಗೆ ತಲೆ ಮೇಲಕ್ಕೆ ನೆಟ್ಟಿತು. ಮೂಗಿನಲ್ಲೇ ಉಸಿರಾಡುವ ಪ್ರಾಣಿ ಬಾಯಿ ತೆರೆಯಿತು. ಗೊರ್ ಎಂದು ಒಂದು ಸದ್ದು.

“ಅಯ್ಯ ನಮ್ಮಪ್ಪಾ!” ಎಂದು ಸುಂದರಬಾಯಿ ಅದರ ಬಾಯಿಗೆ ಬೆರಳು ಹಾಕಹೋದಳು. ಅನುರಾಧಾ ಓಡಿ ಬಂದವಳೇ ಅತ್ತೆಯ ಕೈಯನ್ನು ಫಟ್ಟನೆ ಬಡಿದು ಸರಿಸಿದಳು.

“ಬೆರಳು ಹಾಕಬ್ಯಾಡ್ರಿ! ಇನ್ನಾ ಒಳಗ ಹೋಗ್ತದ!”

ಮಹಾರುದ್ರಪ್ಪನೂ ಓಂಪ್ರಕಾಶನೂ ಬಂದು ನಿಂತರು. ಅನುರಾಧಾ ಮೊಲವನ್ನು ಎದೆಗೆ ಅಪ್ಪಿ ಕಿವಿಯೊಡ್ಡಿದಳು. “ಇನ್ನೂ ಗಾಳಿ ಆಡಾಕತ್ತದ. ಯಾರೂ ಮುಟ್ಟಬ್ಯಾಡ್ರಿ, ಒದರಬ್ಯಾಡ್ರಿ. ಗಾಡಿ ತಗೀರಿ ಜಲ್ದಿ,” ಎಂದು ಗಂಡನಿಗೆ ಹೇಳಿದಳು. ಹೇಳುತ್ತಿದ್ದಂತೆ ಆ ಗೊರ್ ಸದ್ದು ನಿಂತಿತು. ತುಟಿ ನೀಲಿಗಟ್ಟಿತು. ಮೈ ಜೋತುಬಿತ್ತು.

ಆಗ ಸೊಸೆ ಮಾಡಿದ್ದನ್ನು ಸುಂದರಬಾಯಿ ಕಣ್ಣಾರೆ ಕಂಡಳು. ಈಬತ್ತಿಯನ್ನು ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆ ಕತ್ತು ಅಲುಗದಂತೆ ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ಅದುಮಿ, ಅದರ ಮೂಗು ನೆಲದ ಕಡೆಗಾಗುವಂತೆ ಮೇಲಿಂದ ಕೆಳಕ್ಕೆ ಬೀಸಿದಳು. ಅಂದು ಟಾವೆಲನ್ನು ಬೀಸಿದ ಅದೇ ರೀತಿ, ಅದೇ ಕೈ.

“ಕೊಂದ್ಳು! ನೋಡ್ರಿ, ಎಲ್ಲಾರ ಮುಂದ ಕೊಲ್ಲಾಕತ್ತಾಳ!” ಎಂದು ಸುಂದರಬಾಯಿ ಚೀರಿದಳು. ಮಹಾರುದ್ರಪ್ಪ ಅವಳ ರಟ್ಟೆ ಹಿಡಿದ. ಅನುರಾಧಾ ಮತ್ತೊಮ್ಮೆ ಬೀಸಿದಳು. ದೇವರಮನೆಯ ಹೊಸ್ತಿಲ ಮೇಲೆ ಏನೋ ಪಚ್ಚೆಂದು ಬಿತ್ತು. ಜೊಲ್ಲಿನಲ್ಲಿ ಅಂಟಿದ ಗುಳಿಗೆಯ ಮುದ್ದೆ, ಅದರ ನಡುವೆ ಒಂದು ಇಡೀ ಪುಟಾಣಿ. ಮೊಲದ ಪಕ್ಕೆ ಒಮ್ಮೆ ನಡುಗಿತು. ಮೂಗು ಅಲುಗಿತು.

ಅನುರಾಧಾ ನೆಲಕ್ಕೆ ಕುಸಿದು ಕೂತು ಅಳತೊಡಗಿದಳು, ಮೊಲವನ್ನು ಬಿಡದೆ.

“ನಡೀರಿ, ಡಾಕ್ಟರ್‌ಗೆ ತೋರಿಸಲೇಬೇಕು. ಚೂರು ಪಾರು ಪುಪ್ಪುಸದಾಗ ಇಳಿದಿದ್ರ ನಾಳಿ ಜ್ವರ ಬರ್ತದ,” ಅಂದಳು. ಹುಮನಾಬಾದದ ಧನರಾಜ ಡಾಕ್ಟರು ದನದ ಡಾಕ್ಟರಾದರೂ ಮೊಲ, ಗಿಳಿ ನೋಡುತ್ತಾರೆ, ತವರಿನ ಓಣಿಯವರು ಎಂದಳು. ತವರಿನ ಓಣಿ! ಸುಂದರಬಾಯಿ ಅದನ್ನೂ ಗಂಟು ಹಾಕಿಕೊಂಡಳು. ಓಂಪ್ರಕಾಶ ಗಾಡಿ ಹೊಡೆದ. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ, ನಡುವೆ ಬುಟ್ಟಿಯಲ್ಲಿ ಮೊಲ. ಹೆದ್ದಾರಿಯುದ್ದಕ್ಕೂ ಸುಂದರಬಾಯಿ ಪಂಚಾಕ್ಷರಿ ಜಪಿಸಿದಳು. ಜಪ ಶಿವನಿಗೆ, ಕಣ್ಣು ಮಾತ್ರ ಸೊಸೆಯ ಕೈಯ ಮೇಲೆ.

ಡಾಕ್ಟರು ಮೊಲದ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಬಾಯಿಗೆ ಬೆಳಕು ಬಿಟ್ಟು ಹಲ್ಲು ನೋಡಿದರು.

“ಮುಂಜಾನಿಂದ ಏನು ತಿಂದದ ಇದು?”

“ಏನೂ ಇಲ್ರಿ. ಇವತ್ತು ಸೋಮವಾರ,” ಎಂದಳು ಸುಂದರಬಾಯಿ.

“ಸೋಮವಾರ ನಿಮಗಲ್ಲೇನ್ರಿ? ಮೊಲಕ್ಯಾಕ?”

“ಅದೂ ಮಾಡ್ತದ್ರಿ. ಹೋದ ಮಳಿಗಾಲದಿಂದ.”

ಡಾಕ್ಟರು ಅನುರಾಧಾಳ ಕಡೆ ನೋಡಿದರು. ಆಕೆ ತಲೆ ತಗ್ಗಿಸಿ, “ಮಾಡ್ತಿದ್ದಿಲ್ರಿ ಅತ್ತಿ,” ಅಂದಳು. “ಅದು ಬಂದಾಗಿನಿಂದ ಪ್ರತಿ ಸೋಮವಾರ ನಾನು ಕದ್ದು ಹುಲ್ಲು ಹಾಕ್ತಿದ್ದೆ. ಹಸಿವಿ ತಡಿಯೂ ಜೀವ ಅಲ್ಲ ಅದು. ನಿಮ್ಮ ನೇಮ ಮುರದೆ, ಹೇಳಿದ್ರ ಬೈತೀರಿ ಅಂತ ಅಂಜಿದೆ. ನಾ ತವರಿಗಿ ಹೋದ ಸೋಮವಾರ ಒಂದೇ ಹಾಕಲಿಲ್ಲ. ಅವತ್ತೇ ಗಂಟಲಿಗಿ ಸಿಕ್ತು. ಹೆದರಿ ಡಾಕ್ಟರ್‌ಗೆ ಫೋನ್ ಮಾಡಿದೆ. ಟಾವೆಲ್ ಸುತ್ತಿ ಕಲೀ ಅಂತ ಇವರೇ ವಿಡಿಯೋ ಕಳಿಸಿದ್ರು.”

“ಉಸಿರು ಪೂರಾ ನಿಂತಾಗ ಬೀಸಿದ್ಯೋ, ಇನ್ನೂ ಇದ್ದಾಗೋ?” ಎಂದು ಡಾಕ್ಟರು ಕೇಳಿದರು.

“ನಿಂತಾಗ್ರಿ.”

“ಹಂಗಾರ ಸರಿ. ಗಾಳಿ ಆಡಾಕತ್ತಿದ್ರ ಗಪ್ಪ ಎತ್ತಿಕೊಂಡು ಓಡಿ ಬರ್ಬೇಕು, ಬೀಸಬಾರದು. ಕತ್ತು ಸಡಿಲ ಬಿಟ್ರ ಮುರೀತದ. ಬ್ಯಾರೆ ದಾರಿ ಇಲ್ಲದಾಗಿನ ಮಾತು ಅದು.”

ಸುಂದರಬಾಯಿಗೆ ಆ ಮಾತೆಲ್ಲ ದೂರದಿಂದ ಕೇಳಿದ ಹಾಗಾಯಿತು. ಅವಳು ಸೋಮವಾರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಿದ್ದಳು. ಕಳ್ಳ ಹುಲ್ಲು ಬಿದ್ದ ದಿನಗಳಲ್ಲಿ ಮೊಲ ಬಟ್ಟಲಿನ ಮುಂದೆ ಸಾವಕಾಶ ಕೂತು ಅಗಿಯುತ್ತಿತ್ತು. ಹುಲ್ಲು ಬೀಳದ್ದು ಎರಡೇ ದಿನ. ಒಂದು, ಸೊಸೆ ಊರಲ್ಲಿ ಇಲ್ಲದ ದಿನ. ಇನ್ನೊಂದು, ತಾನು ಕೀಲಿ ಜಡಿದ ದಿನ.

“ಹಸಿದಿದ್ದಕ್ಕ ನಾನೇ ಬಟ್ಟಲು ತುಂಬ ಒಮ್ಮೆಲೇ ಸುರಿದ್ನಿ,” ಅಂದಳು ಮೆಲ್ಲಗೆ. “ಗಿರಣಿ ಬಾಯಿಗೆ ಸುರಿಬ್ಯಾಡ್ರಿ ಅಂತ ಊರಿಗೆಲ್ಲ ಹೇಳಾಕಿ ನಾನು.”

ಡಾಕ್ಟರು ಚೀಟಿ ಬರೆಯುತ್ತ, “ಹುಲ್ಲು ಹಗಲು ರಾತ್ರಿ ಮುಂದ ಇರಲ್ರಿ. ಪುಟಾಣಿ ಕೊಬ್ಬರಿ ಮಾತ್ರ ದೇವರಿಗೆ, ನಿಮಗೆ,” ಎಂದರು.

ಮರಳಿ ಬರುವಾಗ ಬುಟ್ಟಿ ಸುಂದರಬಾಯಿಯ ತೊಡೆಯ ಮೇಲಿತ್ತು. ಊರು ಹತ್ತಿರವಾದಾಗ ಸೊಸೆಯನ್ನು ಕೇಳಿದಳು:

“ಕೈಗಿ ಬಡಿದ್ಯಲ್ಲ, ಅದಕ್ಕೂ ವಿಡಿಯೋ ಇತ್ತೇನು?”

“ಇಲ್ರಿ ಅತ್ತಿ. ಅದು ತಾನೇ ಬಂತು.”

ಓಂಪ್ರಕಾಶ ಮುಂದಿನ ಸೀಟಿನಲ್ಲಿ ನಗು ತಡೆದುಕೊಂಡ. ಸುಂದರಬಾಯಿ ಸೊಸೆಯ ಕೈಯನ್ನು ಎಳೆದು ಬುಟ್ಟಿಯ ಮೇಲೆ, ತನ್ನ ಕೈಯ ಕೆಳಗೆ ಇಟ್ಟುಕೊಂಡಳು. ಕ್ಷಮೆಯ ಮಾತು ಆಕೆಗೆ ಬರುತ್ತಿರಲಿಲ್ಲ.

ಮೊಲಕ್ಕೆ ಜ್ವರ ಬರಲಿಲ್ಲ. ಮುಂದಿನ ಸೋಮವಾರ ಸುಂದರಬಾಯಿ ಎದ್ದವಳೇ ಮಡಿಯುಡುವ ಮೊದಲು ಹಿತ್ತಲಿಗೆ ಹೋಗಿ ಗರಿಕೆ ಕಿತ್ತು ಗೂಡು ತುಂಬಿದಳು. “ಹೆಸರು ನಿಂದು, ಉಪವಾಸ ನಂದು,” ಎಂದಳು ಮೊಲಕ್ಕೆ. ಸಂಜೆ ಬಟ್ಟಲಿನ ಬದಲು ದೊಡ್ಡ ಮೊರ ತಂದು, ಅದರ ತುಂಬ ಹುಲ್ಲು ಹರಡಿ, ಹುಲ್ಲಿನ ನಡುನಡುವೆ ನಾಲ್ಕಾರು ಗುಳಿಗೆಗಳನ್ನು ಬಿಡಿಬಿಡಿಯಾಗಿ ಉದುರಿಸಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಇದು ಗಂಟಲಿಗೆ ಸಿಕ್ಕೀತೇ ಎಂದು ಶಂಕಿಸಿಯೇ ಬಿಟ್ಟಳು. ಈಬತ್ತಿ ಒಂದು ಹುಡುಕಿ, ಅಗಿದು, ಇನ್ನೊಂದು ಹುಡುಕಿತು. ಅದು ತಿನ್ನುವಾಗ ಮನೆಯಲ್ಲಿ ಯಾರೂ ಪಾತ್ರೆಯ ಸಪ್ಪಳ ಕೂಡ ಮಾಡುವಂತಿರಲಿಲ್ಲ.

ಮಹಾರುದ್ರಪ್ಪ ಪ್ರಸಾದಕ್ಕೆಂದು ಪುಟಾಣಿಯ ಡಬ್ಬಿಗೆ ಕೈ ಹಾಕಿದ. ಡಬ್ಬಿಗೆ ಕೀಲಿ ಬಿದ್ದಿತ್ತು. ಗೂಡಿನದೇ ಕೀಲಿ.

“ಇದೇನಿದು?”

“ಬಂದವ್ರೆಲ್ಲ ಪ್ರಸಾದ ಅಂತ ಮೊಲದ ಬಾಯಿಗೆ ಪುಟಾಣಿ ತುರುಕ್ತಾರ. ಚಾವಿ ಸೊಸಿ ಹತ್ರ ಅದ, ಬೇಕಾದ್ರ ಕೇಳ್ರಿ.”

“ಅಂದ್ರ ಅಕಿನ್ನ ನಂಬಿದಿ ಅನ್ನು.”

ಸುಂದರಬಾಯಿ ಮೊರದ ಮೇಲಿನಿಂದ ಕಣ್ಣೆತ್ತಲಿಲ್ಲ. “ಹುಲ್ಲಿನ ಮಟ್ಟಿಗೆ ನಂಬೀನ್ರಿ,” ಅಂದಳು. “ಪುಟಾಣಿ ಡಬ್ಬಿ ಎಲ್ಲಿ ತನಕ ತುಂಬ್ಯದ ಅಂತ ಗೆರಿ ಹಾಕಿಟ್ಟೀನಿ.”

ಅಡುಗೆಮನೆಯಿಂದ ಅನುರಾಧಾ ಕೂಗಿದಳು: “ಆ ಗೆರಿ ನಾನೂ ನೋಡೀನ್ರಿ ಅತ್ತಿ!”

ಸುಂದರಬಾಯಿಯ ತುಟಿ ಒಂದಿಷ್ಟು ಸಡಿಲವಾಯಿತು. ಇವಳು ಗಿರಣಿಯ ಮುಂದೆ ಕೂರಲು ತಕ್ಕವಳು ಎಂದುಕೊಂಡಳು.