ಇಂಚು ಎಷ್ಟು, ಕಾಲು ಎಷ್ಟು

ಕಪ್ಪು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗೆರೆ ಮಿಣುಕುತ್ತಿತ್ತು. ಬೇರೇನೂ ಇಲ್ಲ. ಬೋರ್ಡ್ ನೋಡಿ ಟೈಪ್ ಮಾಡಿದ್ದೆ, ಹೇಳಿದ ಬಟನ್ ಒತ್ತಿದ್ದೆ, ಇನ್ನು ಉತ್ತರ ಬರಲಿ ಎಂದು ಕೈಕಟ್ಟಿ ಕೂತಿದ್ದೆ. ಅಕ್ಕಪಕ್ಕದವರೆಲ್ಲ ಮುಗಿಸಿ ಮೊಬೈಲ್ ನೋಡುತ್ತಿದ್ದರು. ಬಂದ ಮೊದಲ ದಿನವೇ ಯಂತ್ರ ಕೆಡಿಸಿದೆನಲ್ಲ ಎಂದುಕೊಂಡೆ.

ಯಲಹಂಕದ ಆ ತರಬೇತಿ ಕೇಂದ್ರದಲ್ಲಿ ನಮಗೆ ಕಂಪ್ಯೂಟರಿನ ಸಿ ಭಾಷೆ ಕಲಿಸುವವರು ಪ್ರೇಮಾ ಮೇಡಂ. ಹಿಂದೆ ಬಂದು ನಿಂತು ನೋಡಿದರು.

“ಕೆಟ್ಟಿಲ್ಲ ಕಣ್ರೀ ಶಾರದಾ. ನೀವು ಅದಕ್ಕೆ ಕಾಯ್ತಿದ್ದೀರ, ಅದು ನಿಮಗೆ ಕಾಯ್ತಿದೆ. ಏನು ಬೇಕು ಅಂತ ಕೇಳೋ ಸಾಲನ್ನೇ ಬಿಟ್ಟಿದ್ದೀರಲ್ಲ, ನೋಡಿ.”

ನಿಜ. ಪ್ರಿಂಟ್ಎಫ್ ಎಂಬ ಆದೇಶ ಪರದೆಯ ಮೇಲೆ ಮಾತು ತೋರಿಸುತ್ತದೆ, ಸ್ಕ್ಯಾನ್ಎಫ್ ಎಂಬುದು ನಾವು ಒತ್ತಿದ್ದನ್ನು ಒಳಗೆ ತೆಗೆದುಕೊಳ್ಳುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಬರೆದಿದ್ದೆ. ಅಂಗಡಿಗೆ ಬಂದವರಿಗೆ “ಬರ್ರಿ, ಏನ್ ಬೇಕಾಗಿತ್ರಿ” ಎನ್ನದೆ ಸುಮ್ಮನೆ ಕೈ ಚಾಚಿದ ಹಾಗಾಗಿತ್ತು. ಗುಳೇದಗುಡ್ಡದಲ್ಲಿ ನಮ್ಮಪ್ಪನ ಹೊಲಿಗೆ ಅಂಗಡಿಯಲ್ಲಿ ಹಾಗೆ ಮಾಡಿದ್ದರೆ ಬೈಸಿಕೊಳ್ಳುತ್ತಿದ್ದೆ.

ಆದರೆ ಬೆಂಗಳೂರಿಗೆ ಬಂದಾಗಿನಿಂದ ನಾನೂ ನಾವಿರುವ ಇಡೀ ತಣಿಸಂದ್ರವೂ ಹಾಗೆಯೇ ಇದ್ದೆವು. ಗಂಡ ಮಾಕಳಿಯ ಹತ್ತಿರದ ಫ್ಯಾಕ್ಟರಿಗೆ ಬೆಳಕು ಹರಿಯುವ ಮೊದಲೇ ಹೊರಟುಬಿಡುವರು. ಮಹಡಿ ಮನೆಯ ಬಾಗಿಲಲ್ಲಿ ನಾನು ನಿಲ್ಲುವೆ, ಕೆಳಗೆ ಮನೆಯ ಓನರ್ ನಾರಾಯಣಮ್ಮ ನಿಲ್ಲುವರು. ಅವರು ಮಾತಾಡಿಸಲಿ ಎಂದು ನಾನು, ನಾನು ಮಾತಾಡಿಸಲಿ ಎಂದು ಅವರು. ಊರಲ್ಲಾದರೆ ಹಾಲು ತರಲು ಹೋದವಳು ನಾಲ್ಕು ಮನೆಯ ಸುದ್ದಿ ಕೇಳಿಕೊಂಡು ಬರುತ್ತಿದ್ದೆ. ಇಲ್ಲಿ ಹಾಲು ಪ್ಯಾಕೆಟ್ಟಿನಲ್ಲಿ ಬಾಗಿಲಿಗೇ ಬಂದು ಬೀಳುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ. ಬಾಯಿ ಬಿಟ್ಟರೆ ತರಕಾರಿಯವನು “ಮೇಡಂ, ಮಹಾರಾಷ್ಟ್ರನಾ” ಎನ್ನುತ್ತಾನೆ. ಕನ್ನಡದಲ್ಲಿ ಸೊಪ್ಪು ಕೇಳಿದವಳಿಗೆ ಈ ಮರ್ಯಾದೆ. ಮೈಯೆಲ್ಲ ಉರಿಯುತ್ತಿತ್ತು.

ಹೊರಡುವ ದಿನ ಅಪ್ಪ ನನ್ನ ಹೊಲಿಗೆ ಮಷೀನಿಗೆ ಹಳೆಯ ದುಪ್ಪಟಿ ಹೊದಿಸಿ, ನಾನು ಕೂರುವ ಸ್ಟೂಲನ್ನು ಅದರ ಕೆಳಗೆ ಸರಿಸಿ, “ಶ್ರಾವಣದ ತನಕ ಇದನ್ನ ಯಾರೂ ಮುಟ್ಟಂಗಿಲ್ಲ. ಅಲ್ಲಿ ನಿನಗ ಒಂದು ದಾರಿ ಸಿಕ್ರ ಛಲೋ. ಇಲ್ಲಂದ್ರ ಬಂದು ಇಲ್ಲೇ ಕುಂದ್ರು” ಎಂದಿದ್ದ. ಒಬ್ಬರ ಸಂಬಳದಲ್ಲಿ ಬಾಡಿಗೆ ಕಟ್ಟಿ ಇಬ್ಬರು ಬದುಕುವುದು ಕಷ್ಟ, ಗಂಡನದೂ ಅದೇ ಮಾತು. ನನಗೊಂದು ಕೆಲಸ ಸಿಗದಿದ್ದರೆ ಅವರು ಇಲ್ಲಿ, ನಾನು ಅಲ್ಲಿ. ಪೇಟೆಯಲ್ಲಿ ಗಲ್ಲಿಗೊಬ್ಬರು ಟೈಲರು, ಹೊಸಬಳ ಹತ್ತಿರ ಯಾರು ಬರುತ್ತಾರೆ? ಅದಕ್ಕೇ ಹೆಬ್ಬಾಳದಲ್ಲಿ ಬಸ್ಸು ಬದಲಿಸಿಕೊಂಡು ಯಲಹಂಕದ ಈ ಕ್ಲಾಸಿಗೆ ಸೇರಿದ್ದೆ. ಕೊನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಒಬ್ಬರನ್ನು ಮುಂದಿನ ಬ್ಯಾಚಿನ ಲ್ಯಾಬ್ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಮೇಡಂ ಹೇಳಿದ್ದರು. ಆ ಜಾಗ ನನಗೇ ಬೇಕಿತ್ತು. ಗಂಡನ ಜೊತೆ ಬಂದವಳು ಎನ್ನಿಸಿಕೊಂಡು ಸಾಕಾಗಿತ್ತು.

ಪರದೆಯಿಂದ ಕಲಿತ ಪಾಠವನ್ನು ಆ ಸಂಜೆಯೇ ಮನೆಯಲ್ಲಿ ಪ್ರಯೋಗಿಸಿದೆ. ಕೆಳಗಿಳಿದು, “ಊಟ ಆತೇನ್ರೀ?” ಎಂದೆ. ನಾರಾಯಣಮ್ಮ ಇದಕ್ಕೇ ಕಾದಿದ್ದವರಂತೆ ಜಗುಲಿಯ ಮೇಲೆ ಜಾಗ ಮಾಡಿದರು.

“ಬಾಮ್ಮ, ಕೂತ್ಕ. ನೀನು ಇಂಗೆ ಒಬ್ಳೇ ನಿಂತ್ಕಂಡಿರ್ತೀಯ, ಮಾತಾಡ್ಸಿದ್ರೆ ಏನಂದ್ಕೊಂತೀಯೋ ಅಂತ ನಾನೂ ಸುಮ್ಕಿದ್ದೆ.”

ಅವರದು ಈ ಊರಿನ ಹಳೆಯ ಮನೆತನ. ಎದುರಿನ ಅಪಾರ್ಟ್‌ಮೆಂಟ್ ಇರುವ ಕಡೆ ಅವರು ರಾಗಿ ಕಳೆ ಕಿತ್ತವರು. ಅಂದು ಬಿಸಿ ಮುದ್ದೆ ಬಡಿಸಿದರು. ನಾನು ರೊಟ್ಟಿಯ ಹಾಗೆ ಅಗಿಯತೊಡಗಿದೆ. “ಅಯ್ಯೋ, ನುಂಗ್ಬೇಕು ಕಣಮ್ಮ” ಎಂದು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಮರುದಿನ ನನ್ನ ಜೋಳದ ರೊಟ್ಟಿ ಅವರ ತಟ್ಟೆಗೆ ಹೋಯಿತು. ಅವರು ಅದನ್ನು ಅಗಿಯಲು ಪಟ್ಟ ಪಾಡು ನೋಡಿ ನನ್ನ ಲೆಕ್ಕ ಚುಕ್ತಾ ಆಯಿತು. ನಾನು ತೊಟ್ಟಿದ್ದ ಖಣದ ಕುಬಸ, ಅಂದರೆ ನಮ್ಮೂರ ಮಗ್ಗದ ಬಟ್ಟೆಯ ರವಿಕೆ, ಅವರ ಕಣ್ಣಿಗೆ ಬಿತ್ತು. ತಮಗೂ ಒಂದು ಬೇಕೆಂದರು. ಅಳತೆ ತೆಗೆದು, ಹೊಲಿದು ಕಳಿಸು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

ಕ್ಲಾಸಿನಲ್ಲಿ ದಿನೇದಿನೇ ಕೈ ಪಳಗಿತು. ಸಂಖ್ಯೆಗೊಂದು ಹೆಸರು ಕೊಟ್ಟು ಇಟ್ಟುಕೊಳ್ಳುವುದು ವೇರಿಯಬಲ್. ಕತ್ತರಿಸುವ ಬಟ್ಟೆಗೆಲ್ಲ ಹೆಸರಿನ ಚೀಟಿ ಚುಚ್ಚುವವಳಿಗೆ ಅದೇನು ದೊಡ್ಡದು? ಕೂಡುವುದು, ಕಳೆಯುವುದು, ಭಾಗಿಸುವುದೂ ಸಲೀಸು. ತಲೆ ತಿಂದದ್ದು ಒಂದೇ: ಇಂಟ್ ಎಂದು ಹೇಳಿದರೆ ಅದು ಇಡೀ ಸಂಖ್ಯೆಯನ್ನಷ್ಟೇ ಹಿಡಿಯುತ್ತದೆ, ಅರ್ಧ ಕಾಲುಗಳೆಲ್ಲ ಬೇಕಾದರೆ ಫ್ಲೋಟ್ ಎನ್ನಬೇಕು.

ಪರೀಕ್ಷೆಯ ದಿನ ಮೇಡಂ, “ನಿಮಗೆ ಗೊತ್ತಿರೋ ವಿಷಯದ ಮೇಲೆ ಒಂದು ಪ್ರೋಗ್ರಾಮ್ ಬರೀರಿ. ಕೇಳ್ಬೇಕು, ಲೆಕ್ಕ ಹಾಕ್ಬೇಕು, ಉತ್ತರ ತೋರಿಸ್ಬೇಕು” ಎಂದರು. ಹೆಚ್ಚಿನವರು ಬಡ್ಡಿ ಲೆಕ್ಕ, ಅಂಕಗಳ ಸರಾಸರಿ ಬರೆದರು. ನಾನು ಕುಬಸ ಬರೆದೆ. ಎದೆಸುತ್ತು ಎಷ್ಟು, ಹೊಲಿಗೆಗೆ ಬಿಡುವುದು ಎಷ್ಟು ಎಂದು ಕೇಳಬೇಕು. ಎದೆಸುತ್ತಿನ ಅರ್ಧಕ್ಕೆ ಬಿಡುವನ್ನು ಸೇರಿಸಿ ಬೆನ್ನಿನ ಬಟ್ಟೆಯ ಅಗಲ ಹೇಳಬೇಕು.

“ಓಡಿಸಿ ನೋಡೋಣ,” ಎಂದು ಮೇಡಂ ಪಕ್ಕಕ್ಕೆ ಬಂದರು.

ನಾರಾಯಣಮ್ಮನವರ ಅಳತೆ ನಾಲಿಗೆಯ ತುದಿಯಲ್ಲೇ ಇತ್ತು. ಒತ್ತಿದೆ. ಎರಡನೆಯ ಪ್ರಶ್ನೆ ಪರದೆಯ ಮೇಲೆ ಮೂಡಿತು, ಆದರೆ ನನ್ನ ಉತ್ತರಕ್ಕೆ ಕಾಯಲೇ ಇಲ್ಲ. ತಲೆಬುಡವಿಲ್ಲದ ಒಂದು ಉದ್ದ ಸಂಖ್ಯೆ ಉಗುಳಿ ನಿಂತುಬಿಟ್ಟಿತು. ಆ ಅಗಲದ ಬಟ್ಟೆ ಹೆಬ್ಬಾಳದ ಫ್ಲೈಓವರಿಗೂ ದೊಡ್ಡದಾದೀತು. ಹಿಂದಿನ ಸಾಲಿನವರು ಕಿಸಕ್ಕೆಂದರು.

ಮೇಡಂ ನಾನು ಒತ್ತಿದ್ದನ್ನು ದಿಟ್ಟಿಸಿದರು. “ಮೂವತ್ನಾಲ್ಕರ ಪಕ್ಕ ಇದೇನ್ರೀ, ಎರಡು ಗೀಟು?”

ಆಗ ನನಗೇ ಹೊಳೆಯಿತು. ನಮ್ಮಪ್ಪ ಕಾಲು ಇಂಚಿಗೆ ಒಂದು ಗೀಟು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು ಹಾಕುವವನು. ಅವನಿಗೆ ಅವನಪ್ಪ ಕಲಿಸಿದ್ದು, ನನಗೆ ಅವನು ಕಲಿಸಿದ್ದು. ಕೀಬೋರ್ಡಿನಲ್ಲೂ ಒಂದು ಉದ್ದ ಗೀಟು ಇತ್ತು, ಕೈ ತಾನಾಗಿ ಅಲ್ಲಿಗೆ ಹೋಗಿತ್ತು.

“ನಿಮ್ಮ ಗೀಟು ಅದಕ್ಕೆ ಗೊತ್ತಿಲ್ಲ,” ಎಂದರು ಮೇಡಂ. “ಮೂವತ್ನಾಲ್ಕು ತಗೊಂಡು ಗೀಟಿನ ಹತ್ರ ನಿಂತ್ಬಿಡ್ತು. ಎರಡನೇ ಪ್ರಶ್ನೆಗೂ ಅದೇ ಗೀಟೇ ಎದುರಾಯ್ತು, ಖಾಲಿ ಜಾಗದಲ್ಲಿದ್ದ ಕಸಾನೇ ಲೆಕ್ಕಕ್ಕೆ ತಗೊಳ್ತು. ಪಾಯಿಂಟ್ ಐದು ಅಂತ ಒತ್ತಿದ್ರೆ ಸರಿಹೋಗ್ತಿತ್ತು. ಇನ್ನೂ ಟೈಮ್ ಇದೆ, ನೋಡಿ.”

ಪಾಯಿಂಟ್ ಐದು ಒತ್ತಬಹುದಿತ್ತು. ಒತ್ತಲಿಲ್ಲ. ನನಗೆ ಹಟ ಬಂತು. ಒಪ್ಪತ್ತು ಉಂಡು ಮೂರು ತಲೆಮಾರು ಕುಬಸ ಹೊಲಿದವರ ಅಳತೆಯನ್ನು ಈ ಪೆಟ್ಟಿಗೆಗೆ ಕೇಳಲು ಬರದಿದ್ದರೆ ನಾನೇ ಕೇಳಿಸುತ್ತೇನೆ ಅಂದುಕೊಂಡೆ. ಮೊದಲ ಪ್ರಶ್ನೆಯನ್ನು ಅಳಿಸಿ ಎರಡು ಮಾಡಿದೆ: ಇಂಚು ಎಷ್ಟು? ಕಾಲು ಎಷ್ಟು? ಕಾಲುಗಳನ್ನು ನಾಲ್ಕರಿಂದ ಭಾಗಿಸಿ ಇಂಚಿಗೆ ಸೇರಿಸಿದೆ. ಮೂವತ್ತನಾಲ್ಕು ಇಂಚು, ಎರಡು ಕಾಲು, ಬಿಡುವು ಎರಡು ಇಂಚು ಎಂದು ಒತ್ತಿದೆ.

ಹತ್ತೊಂಬತ್ತು ಎಂದಿತು.

ಮೇಡಂ ಪರದೆಯತ್ತ ಬಾಗಿದರು. ನಾನೇ, “ಕಾಲು ಇಂಚು ಕಡಿಮಿ ಬಂದೈತ್ರಿ ಮೇಡಂ” ಎಂದೆ. ಕಾಲು ಇಂಚು ಕಡಿಮೆಯಾದರೆ ಕುಬಸ ಕಂಕುಳಲ್ಲಿ ಹಿಡಿಯುತ್ತದೆ, ನಾರಾಯಣಮ್ಮ ಕೈ ಎತ್ತಿದರೆ ಹೊಲಿಗೆ ಬಿಡುತ್ತದೆ. ಎಲ್ಲಿ ಹೋಯಿತು ಅದು? ಒಂದೊಂದೇ ಸಾಲು ಬೆರಳಿಟ್ಟು ಓದಿದೆ. ಎರಡನ್ನು ನಾಲ್ಕರಿಂದ ಭಾಗಿಸು ಎಂದಿದ್ದೆ. ಎರಡೂ ಇಡೀ ಸಂಖ್ಯೆಗಳು, ಹಾಗಾಗಿ ಅರ್ಧವನ್ನು ಬಿಸಾಕಿ ಸೊನ್ನೆ ಇಟ್ಟುಕೊಂಡಿತ್ತು. ನಾಲ್ಕರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಹಾಕಿ ಮತ್ತೆ ಓಡಿಸಿದೆ. ಹತ್ತೊಂಬತ್ತು ಪಾಯಿಂಟ್ ಎರಡು ಐದು. ಹತ್ತೊಂಬತ್ತೂಕಾಲು.

ಹಿಂದಿನ ಸಾಲಿನಲ್ಲಿ ಈಗ ಯಾರೂ ನಗಲಿಲ್ಲ. ಮೇಡಂ ನನ್ನ ಕುರ್ಚಿಯಲ್ಲಿ ತಾವೇ ಕೂತು ಮತ್ತೆ ಮತ್ತೆ ಓಡಿಸಿದರು, ಒಂದು ಕಾಲು, ಮೂರು ಕಾಲು, ಸೊನ್ನೆ ಕಾಲು. ಪ್ರತಿ ಸಲವೂ ಸರಿ ಬಂತು.

“ಶಾರದಾ, ಸೋಮವಾರದಿಂದ ಬಂದ್ಬಿಡಿ. ಹೊಸ ಬ್ಯಾಚಿಗೆ ಲ್ಯಾಬಲ್ಲಿ ನೀವೇ ಇರ್ಬೇಕು.”

ಹೆಮ್ಮೆಯಾಯಿತು, ಮುಚ್ಚಿಡುವುದೇನು? ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತೆಗೂ ಹೇಳಿದೆ. ನಾರಾಯಣಮ್ಮ ಕೇಳಿ, “ನನ್ ರವಿಕೆ ಲೆಕ್ಕದಾಗೆ ಕೆಲ್ಸ ಸಿಕ್ತಾ?” ಎಂದು ಬೀದಿಗೆಲ್ಲ ಕೇಳಿಸುವಂತೆ ಸಾರಿದರು. ಈಗ ತರಕಾರಿಯವನೂ ನನ್ನನ್ನು ಲ್ಯಾಬ್ ಮೇಡಂ ಎನ್ನುತ್ತಾನೆ. ಮಹಾರಾಷ್ಟ್ರದ ಮಾತು ನಿಂತಿದೆ.

ಕೆಲಸ ಸಿಕ್ಕ ಸಂಜೆಯೇ ಅಪ್ಪನಿಗೆ ಫೋನ್ ಮಾಡಿದೆ. “ಅಪ್ಪಾ, ಓನರ್ ಬಾಯಾರ ಕುಬಸದ ಬೆನ್ನಿನ ಅಗಲ ಎಷ್ಟ್ ಹಿಡದಿ?”

“ಹತ್ತೊಂಬತ್ತೂಕಾಲು. ಖಣ ಇವತ್ತ ಬಂತು, ಸೀಮೆಸುಣ್ಣದಾಗ ಗುರ್ತು ಹಾಕೀನಿ. ಯಾಕವಾ?”

ಎಲ್ಲವನ್ನೂ ಹೇಳಿದೆ. ಅಪ್ಪ ಕೇಳಿದ, “ಹಂಗಾರ ನಿನ್ನ ಮಷೀನ್ ಯಾರಿಗಾರ ಕೊಡ್ಲೇನು? ಹಿಂದಿನ ಓಣಿ ಹುಡುಗಿ ಕೇಳಾಕತ್ತಾಳ. ಕೆಲಸ ಕಲೀತಾಳಂತ.”

ಗೆದ್ದವಳು ನಾನು, ಆದರೂ ದುಪ್ಪಟಿ ಹೊದ್ದ ಆ ಮಷೀನು ಕಣ್ಣ ಮುಂದೆ ಬಂತು. ಕೆಳಗೆ ನಾರಾಯಣಮ್ಮ ನನ್ನ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದರು.

“ಕೊಟ್ಟುಬಿಡಪ್ಪಾ,” ಎಂದೆ. “ಸ್ಟೂಲ್ ಮಾತ್ರ ಕೊಡಬ್ಯಾಡ. ನಾ ಬಂದಾಗ ಕುಂದ್ರಾಕ ಬೇಕು.”